ಹೂವಿಗೆ ಬಂದ ಹುಲ್ಲು, ಬಿಡದ ಮಳೆ: ಚಳ್ಳಕೆರೆ ಸೀಮೆಯ ಒಂದು ಹುಲ್ಲಿನ ಹೊಲದ ಪ್ರಕರಣ

ಹಿನ್ನೆಲೆ

ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಒಂದು ರೈತ ಕುಟುಂಬದಲ್ಲಿ 2022ರ ಮಳೆಗಾಲದಲ್ಲಿ ನಡೆದದ್ದು ಇದು. ಊರಿನ ಹೆಸರು, ಮನೆತನದ ಹೆಸರು ಬಿಟ್ಟಿದ್ದೇನೆ. ಗುರುತು ಹತ್ತದಿರಲಿ ಅಂತ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಮನೆಯ ಹಿರಿಯರನ್ನು ಯಜಮಾನರು ಅಂತ, ಅವರ ಹೆಂಡತಿಯನ್ನು ಅಮ್ಮ ಅಂತ ಕರೆಯುತ್ತೇನೆ. ದನಗಳ ಆರೈಕೆಯ ಕೆಲಸದಲ್ಲಿ ಆ ಮನೆಗೆ ಹೋಗಿಬರುತ್ತಿದ್ದವನು ನಾನು. ಹಾಗಾಗಿ ಹೆಚ್ಚಿನದನ್ನು ಕಣ್ಣಾರೆ ನೋಡಿದೆ, ಉಳಿದದ್ದನ್ನು ಅವರ ಬಾಯಿಂದಲೇ ಕೇಳಿದೆ.

ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಕೆಂಪು ಮರಳು ಮಣ್ಣು, ಶೇಂಗಾ ಬೆಳೆ, ಕುರಿ, ದನ. ಅಮೃತಮಹಲ್ ತಳಿಯ ದನ ಮೇಯಲು ಮೀಸಲಿಟ್ಟ ಕಾವಲುಗಳು ಇದ್ದ ನೆಲ. ಇಲ್ಲಿ ಬೇಸಿಗೆಯಲ್ಲಿ ಮೇವಿಗೆ ಬರ ಬರುವುದು ಹೊಸತೇನಲ್ಲ. ಬರ ಜಾಸ್ತಿಯಾದ ವರ್ಷ ಗೋಶಾಲೆ ತೆರೆಯುತ್ತಾರೆ. ದಾವಣಗೆರೆಯ ಭದ್ರಾ ಅಚ್ಚುಕಟ್ಟಿನಿಂದ ಭತ್ತದ ಹುಲ್ಲು ಲಾರಿಯಲ್ಲಿ ಬರುತ್ತದೆ. ಆಗ ಅದರ ಬೆಲೆ ಕೇಳಿದರೆ ದನ ಮಾರುವುದೇ ವಾಸಿ ಅನಿಸುತ್ತದೆ.

ಯಜಮಾನರಿಗೆ ನಾಲ್ಕು ಎಕರೆ ಶೇಂಗಾ ಹೊಲ ಇತ್ತು. ಬೀಜ, ಕೂಲಿ, ಸುಳಿರೋಗ ಅಂತ ಮೂರ್ನಾಲ್ಕು ವರ್ಷ ಕೈ ಸುಟ್ಟುಕೊಂಡ ಮೇಲೆ ಅದನ್ನು ಬೀಳು ಬಿಟ್ಟಿದ್ದರು. 2020ರಲ್ಲಿ ಅಲ್ಲಿಗೆ ಅಂಜನ್ ಅನ್ನುವ ಮೇವಿನ ಹುಲ್ಲಿನ ಬೀಜ ಚೆಲ್ಲಿದರು, ನಡುನಡುವೆ ಸ್ಟೈಲೋ ಅನ್ನುವ ದ್ವಿದಳ ಮೇವಿನ ಗಿಡ ಹಾಕಿದರು. ಅಂಜನ್ ಬೀಜ ಹತ್ತಿಯ ಹಾಗೆ ಹಗುರ, ಕೈಬಿಟ್ಟರೆ ಗಾಳಿಗೆ ಹೋಗುತ್ತದೆ. ಅದಕ್ಕೇ ಸೆಗಣಿ ಮಣ್ಣಿನಲ್ಲಿ ಉಂಡೆ ಕಟ್ಟಿ ಚೆಲ್ಲಿದ್ದರು. ಮೊದಲ ವರ್ಷ ದನ ಬಿಡಲಿಲ್ಲ, ಬೇರು ಕಚ್ಚಲಿ ಅಂತ. 2022ರ ಹೊತ್ತಿಗೆ ಹೊಲ ತುಂಬಿತ್ತು. ಎರಡು ಬದು ಹಾಕಿ ನಾಲ್ಕು ತುಂಡು ಮಾಡಿಕೊಂಡಿದ್ದರು, ಒಂದೊಂದು ಸುಮಾರು ಎಕರೆ.

ಎಷ್ಟು ಮೇವು ಬೇಕು ಅನ್ನುವ ಲೆಕ್ಕ ಮೊದಲೇ ಹಾಕಿದ್ದೆವು. ಎರಡು ಎತ್ತು, ಮೂರು ಹಸು, ಒಂದು ಎಮ್ಮೆ. ಸರಾಸರಿ 250 ಕೆಜಿ ತೂಕದ ನಾಡ ದನಕ್ಕೆ, ತೂಕದ ನೂರಕ್ಕೆ 2ರಂತೆ ಹಿಡಿದರೂ ದಿನಕ್ಕೆ 5 ಕೆಜಿ ಒಣಮೇವು. ಫೆಬ್ರವರಿಯಿಂದ ಜೂನ್ ಕೊನೆವರೆಗೆ 150 ದಿನ. ಒಟ್ಟು ನಾಲ್ಕೂವರೆ ಟನ್. ಶೇಂಗಾ ಬಳ್ಳಿ, ರಾಗಿ ಹುಲ್ಲು ಸೇರಿ ಅರ್ಧದಷ್ಟು ಒದಗುತ್ತಿತ್ತು. ಉಳಿದ ಅರ್ಧ ಈ ಹೊಲದಿಂದ ಬರಬೇಕಿತ್ತು. ಒಳ್ಳೆ ಮಳೆಯಾದ ವರ್ಷ ಅದೇನು ದೊಡ್ಡ ಮಾತಲ್ಲ. ಆದರೆ 100 ಕೆಜಿ ಹಸಿ ಹುಲ್ಲು ಒಣಗಿದರೆ ಕೈಗೆ ಬರುವುದು 30 ಕೆಜಿ ಅಷ್ಟೆ. ಮಿಕ್ಕಿದ್ದೆಲ್ಲ ನೀರು, ಅದನ್ನು ಬಿಸಿಲು ಗಾಳಿಯೇ ಹೊಲದಲ್ಲಿ ತೆಗೆಯಬೇಕು.

ಸಮಸ್ಯೆ

ಅಂಜನ್ ಹುಲ್ಲನ್ನು ತೆನೆ ಹೊರಬಂದು ಹೂವಾಡುವ ಹೊತ್ತಿಗೆ ಕೊಯ್ಯಬೇಕು. ಆಗ ಒಣ ತೂಕದ ನೂರಕ್ಕೆ 7–8ರಷ್ಟು ಪ್ರೋಟೀನ್ ಇರುತ್ತದೆ. ಕಾಳು ಉದುರಿ ಹುಲ್ಲು ಹೊಂಬಣ್ಣಕ್ಕೆ ತಿರುಗಿದ ಮೇಲೆ ಅದು 3–4ಕ್ಕೆ ಇಳಿಯುತ್ತದೆ. 7ಕ್ಕಿಂತ ಕೆಳಗೆ ಹೋದರೆ ದನದ ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿಗೇ ಸಾಕಾಗುವುದಿಲ್ಲ. ಮುಂದೆ ಮೇವು ರಾಶಿ ಬಿದ್ದಿದ್ದರೂ ದನ ಕಡಿಮೆ ತಿನ್ನುತ್ತದೆ, ಬಡವಾಗುತ್ತದೆ.

ಈ ಸೀಮೆಯಲ್ಲಿ ವರ್ಷದ ಮಳೆಯ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತ. ಹುಲ್ಲು ಹೂವಿಗೆ ಬರುವುದೂ ಅದೇ ಹೊತ್ತಿಗೆ. ಹುಲ್ಲಿಗೆ ಬೆಲೆ ಇರುವಾಗ ಒಣಗಿಸಲು ಬಿಸಿಲಿಲ್ಲ. ಬಿಸಿಲು ಬಂದಾಗ ಹುಲ್ಲಿನಲ್ಲಿ ಸತ್ವವಿಲ್ಲ. ಊರಿನ ಬಹಳ ಮಂದಿ ಕಾರ್ತೀಕ ಕಳೆದ ಮೇಲೆ, ನಿಂತಲ್ಲೇ ಒಣಗಿದ ಹುಲ್ಲನ್ನು ಕೊಯ್ದು ಬಣವೆ ಒಟ್ಟುತ್ತಾರೆ. ಕೆಡುವ ಭಯ ಇರುವುದಿಲ್ಲ. ಆದರೆ ಅದು ಹೊಟ್ಟೆ ತುಂಬಿಸುವ ಮೇವು ಅಷ್ಟೆ.

ಕೂಲಿಯ ಕಷ್ಟ ಬೇರೆ. ಶೇಂಗಾ ಕೀಳುವ ಕೆಲಸವೂ ಅದೇ ತಿಂಗಳುಗಳಲ್ಲಿ ಬೀಳುತ್ತದೆ. ಹುಲ್ಲು ಕೊಯ್ಯಲು ಕರೆದರೆ ಯಾರು ಬರುತ್ತಾರೆ?

2022 ಅಂತೂ ಎಲ್ಲರಿಗೂ ನೆನಪಿರುವ ವರ್ಷ. ಮೇ ತಿಂಗಳಿಂದಲೇ ಮಳೆ. ಸೆಪ್ಟೆಂಬರ್ ಮೊದಲ ವಾರ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಜನ ಗಾಡಿ ಕಟ್ಟಿಕೊಂಡು ನೋಡಲು ಹೋದರು. ಯಜಮಾನರ ಹೊಲದಲ್ಲಿ ಹುಲ್ಲು ಸೊಂಟದವರೆಗೆ ಬಂದಿತ್ತು.

ಮೊದಲ ಕೊಯ್ಲು

ಆಗಸ್ಟ್ ನಡುವಿನಲ್ಲಿ ಒಂದನೇ, ಎರಡನೇ ತುಂಡನ್ನು ಒಟ್ಟಿಗೇ ಕೊಯ್ದು ಹಸಿಯಾಗಿಯೇ ಬಳಸಿದ್ದರು. ಒಂದಿಷ್ಟು ಮನೆ ದನಕ್ಕೆ, ಒಂದಿಷ್ಟು ಪಕ್ಕದ ಮನೆಗೆ. ಆಮೇಲೆ ಎಕರೆಗೆ ಅರ್ಧ ಚೀಲ ಯೂರಿಯಾ ಚೆಲ್ಲಿದರು. ಮಳೆ ಇತ್ತಲ್ಲ, ಚಿಗುರು ಧಾರಾಳವಾಗಿ ಬಂತು. ಸುಮಾರು 45 ದಿನಕ್ಕೆ, ಸೆಪ್ಟೆಂಬರ್ ಕೊನೆಗೆ, ಎರಡೂ ತುಂಡು ಒಂದೇ ಸಲ ಹೂವಿಗೆ ಬಂದವು. ಹಸ್ತ ಮಳೆ ಶುರುವಾಗಿತ್ತು.

ಆಯುಧ ಪೂಜೆಗೆ ಮುಂಚೆ ಎರಡು ದಿನ ಬಿಸಿಲು ಬಿತ್ತು. ಮುಯ್ಯಾಳುಗಳನ್ನು, ಅಂದರೆ ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡಿಕೊಡುವವರನ್ನು, ಕೂಡಿಸಿ ಎರಡು ಎಕರೆಯನ್ನೂ ಕೊಯ್ದು ಮಲಗಿಸಿದರು. ಮುಂದೆ ಆದ ಕಷ್ಟದ ಬೇರು ಈ ತೀರ್ಮಾನದಲ್ಲೇ ಇದೆ ಅಂತ ನನ್ನ ಅನಿಸಿಕೆ. ಜನ ಸಿಕ್ಕಾಗ ಎಲ್ಲ ಮುಗಿಸಿಬಿಡೋಣ ಅನ್ನುವುದು ಸಹಜವೇ. ಆದರೆ ಹುಲ್ಲು ಮಲಗಿಸಲು ಸಿಕ್ಕಷ್ಟು ಕೈ ಅದನ್ನು ತಿರುವಿ, ಗುಡ್ಡೆ ಮಾಡಿ, ಸಾಗಿಸಲು ಮರುದಿನ ಸಿಗುವುದಿಲ್ಲ. ಸಿಗಲೂ ಇಲ್ಲ, ಹಬ್ಬ ಬಂತು. ಎರಡನೇ ದಿನ ರಾತ್ರಿ ಮಳೆ ಹಿಡಿಯಿತು. ನೆಲದ ಮೇಲಿದ್ದ ಹುಲ್ಲು ತೊಯ್ದು ಕೆಳಮೈ ಕಪ್ಪಾಯಿತು. ಅರೆ ಒಣಗಿದ ಹುಲ್ಲು ಮತ್ತೆ ನೆನೆದರೆ ಸತ್ವ ನೀರಿನ ಜೊತೆ ಇಳಿದುಹೋಗುತ್ತದೆ. ಹಸಿ ಹುಲ್ಲು ನೆನೆದಾಗ ಇಷ್ಟು ನಷ್ಟ ಆಗುವುದಿಲ್ಲ.

ವಿಜಯದಶಮಿ ಕಳೆದು ಒಂದು ದಿನ ಬಿಸಿಲು, ಸಂಜೆಗೆ ಮತ್ತೆ ಮೋಡ. ಯಜಮಾನರು ಹೆದರಿ, ಇದ್ದದ್ದನ್ನು ಇದ್ದ ಹಾಗೇ ತಂದು ಕೊಟ್ಟಿಗೆ ಪಕ್ಕ ಬಣವೆ ಒಟ್ಟಿ ಮೇಲೆ ಟಾರ್ಪಾಲು ಬಿಗಿದರು. ಮೇಲೆ ಮುಟ್ಟಿದರೆ ಹುಲ್ಲು ಗರಿಗರಿ ಅನ್ನುತ್ತಿತ್ತು. ಗೆಣ್ಣಿನಲ್ಲಿ ಮಾತ್ರ ನೀರು ಉಳಿದಿತ್ತು. ಅಂಜನ್ ಹುಲ್ಲಿನಲ್ಲಿ ಎಲೆ ಬೇಗ ಒಣಗುತ್ತದೆ, ಗೆಣ್ಣು ಕೊನೆಗೆ. ಎಲೆ ನೋಡಿ ಒಣಗಿದೆ ಅಂದುಕೊಂಡರೆ ಮೋಸ ಹೋಗುತ್ತೇವೆ.

ಬಿಸಿಯಾದ ಬಣವೆ

ಒಂದು ವಾರದ ಮೇಲೆ ಕೊಟ್ಟಿಗೆಗೆ ಹೋದ ಅಮ್ಮನಿಗೆ ವಾಸನೆ ಬಂತು. ಬೆಲ್ಲ ಕಾಯಿಸಿದ ಹಾಗೆ ಸಿಹಿ, ಅದರ ಜೊತೆ ಸ್ವಲ್ಪ ಹೊಗೆಸೊಪ್ಪಿನ ಘಾಟು. ಬಣವೆಗೆ ಕೈ ತೂರಿಸಿದರೆ ಒಳಗೆ ಬಿಸಿ. ನನಗೆ ಫೋನ್ ಬಂದಾಗ ರಾತ್ರಿ ಊಟದ ಹೊತ್ತು.

ತೇವದ ಹುಲ್ಲನ್ನು ಒತ್ತಿ ಒಟ್ಟಿದರೆ ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಬಿಸಿ ಹುಟ್ಟುತ್ತದೆ. ಟಾರ್ಪಾಲು ಬಿಗಿದಿದ್ದರೆ ಆವಿಗೆ ದಾರಿಯೇ ಇರುವುದಿಲ್ಲ. 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಣ್ಣಿಟ್ಟು ಕಾಯಬೇಕು. 70ರ ಆಸುಪಾಸಿಗೆ ಬಂದರೆ ತಾನೇ ಹೊತ್ತಿಕೊಳ್ಳುವ ಅಪಾಯ ಇದೆ. ಅದು ನಡೆಯುವುದು ಒಟ್ಟಿದ ಮೊದಲ ಕೆಲವು ವಾರಗಳಲ್ಲೇ. ಹಳ್ಳಿಯಲ್ಲಿ ಬಣವೆಗೆ ಬೆಂಕಿ ಬಿದ್ದರೆ ಯಾರೋ ಆಗದವರು ಇಟ್ಟರು ಅನ್ನುವ ಮಾತು ಬೇಗ ಹಬ್ಬುತ್ತದೆ. ಕೆಲವು ಸಲ ಬೆಂಕಿ ಒಳಗಿಂದಲೇ ಹುಟ್ಟಿರುತ್ತದೆ ಅನ್ನುವುದನ್ನು ನಾವು ಗಟ್ಟಿಯಾಗಿ ಹೇಳಬೇಕು. ಎಷ್ಟೋ ಜಗಳ ತಪ್ಪುತ್ತವೆ.

ಕಬ್ಬಿಣದ ಹಾರೆಯನ್ನು ಬಣವೆಯ ನಡುವಿಗೆ ಚುಚ್ಚಿ ಕಾಲು ಗಂಟೆ ಬಿಟ್ಟು ಎಳೆಯಲು ಹೇಳಿದೆ. ತುದಿ ಹಿಡಿಯಲು ಆಗಲಿಲ್ಲ. ಯಜಮಾನರಿಗೆ ಬಿಚ್ಚಲು ಮನಸ್ಸಿಲ್ಲ. "ಬಿಚ್ಚಿದ್ರೆ ಮಳೆಗೆ ಸಿಕ್ಕಿ ಇರೋದೂ ಹೋಗ್ತೈತೆ" ಅಂದರು. ಅಮ್ಮ ಕೇಳಲಿಲ್ಲ. "ಹುಲ್ಲು ಹೋದ್ರೆ ಹೋಗ್ಲಿ, ಪಕ್ಕದಾಗೆ ದನ ಕಟ್ಟೈತೆ. ಮೊದ್ಲು ಬಿಚ್ರಿ" ಅಂದರು. ಈ ಪ್ರಕರಣದಲ್ಲಿ ಅತಿ ದೊಡ್ಡ ತೀರ್ಮಾನ ಅದು. ಅದನ್ನು ತೆಗೆದುಕೊಂಡವರು ಅಮ್ಮ.

ದನಗಳನ್ನು ದೂರದ ಬೇವಿನ ಮರಕ್ಕೆ ಕಟ್ಟಿದರು. ಔಷಧಿ ಹೊಡೆಯುವ ಪಂಪಿಗೆ ನೀರು ತುಂಬಿ, ಡ್ರಮ್ಮು, ಬಕೆಟ್ ಸಿದ್ಧ ಇಟ್ಟುಕೊಂಡರು. ಬಿಸಿಯಾದ ಬಣವೆಯನ್ನು ಬಿಚ್ಚುವಾಗ ಗಾಳಿ ತಾಗಿದ ಕೂಡಲೇ ಉರಿ ಏಳಬಹುದು. ಬಣವೆಯ ಮೇಲೆ ಹತ್ತಿ ನಿಲ್ಲಬಾರದು, ಒಳಗೆ ಬೆಂದು ಟೊಳ್ಳಾಗಿದ್ದರೆ ಕಾಲು ಕುಸಿಯುತ್ತದೆ. ಪಕ್ಕದಿಂದ ಕವೆಗೋಲಿನಲ್ಲಿ ಎಳೆದು ಹರಡಿದರು. ನಡುವಿನ ಹುಲ್ಲು ಕಂದಾಗಿ ಹಬೆಯಾಡುತ್ತಿತ್ತು. ಬೆಂಕಿ ಏಳಲಿಲ್ಲ.

ಬೂಷ್ಟು ಹಿಡಿದದ್ದನ್ನೆಲ್ಲ ತಿಪ್ಪೆಗೆ ಹಾಕಿಸಿದೆ. ಒಂದು ಹಸು ಗಬ್ಬವಾಗಿತ್ತು. ಬೂಷ್ಟಿನ ಮೇವು ಗಬ್ಬದ ದನಕ್ಕೆ ಕಂದು ಹಾಕಿಸಬಹುದು, ಅಂದರೆ ಗರ್ಭಪಾತ ಆಗಬಹುದು. ಉಳಿದದ್ದನ್ನು ಜಾಲಿ ಬೇಲಿ ಮೇಲೆ, ಕಲ್ಲಿನ ಗೋಡೆ ಮೇಲೆ ಹರವಿ ಒಣಗಿಸಿದರು. ಬೇಯದ ಅಂಚಿನ ಹುಲ್ಲಿಗೆ ಉಪ್ಪುನೀರು ಚಿಮುಕಿಸಿ ಹಾಕಿದರೆ ಎತ್ತುಗಳು ತಿಂದವು. ಎರಡು ಎಕರೆಯ ಹುಲ್ಲಿನಲ್ಲಿ ಕೈಗೆ ಬಂದದ್ದು ಕಾಲು ಭಾಗ ಇರಬಹುದು.

ದೀಪಾವಳಿ ಬಿಸಿಲು

ಇನ್ನು ಮೂರನೇ, ನಾಲ್ಕನೇ ತುಂಡು. ಆಗಸ್ಟ್‌ನಲ್ಲಿ ಇವನ್ನು ಕೊಯ್ದಿರಲಿಲ್ಲ, ಮೇವು ಅಷ್ಟು ಬೇಕಿರಲಿಲ್ಲ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಅಮ್ಮ ದಿನಾ ಒಂದೊಂದು ಪಟ್ಟಿ ಕುಡುಗೋಲಿನಲ್ಲಿ ಕೊಯ್ದು ದನಕ್ಕೆ ಹಾಕುತ್ತಿದ್ದರು. ಹಾಗಾಗಿ ಚಿಗುರು ಒಂದೇ ಸಲ ಬರಲಿಲ್ಲ. ಒಂದು ಕಡೆ ತೆನೆ ಇಣುಕುವಾಗ ಇನ್ನೊಂದು ಕಡೆ ಎಲೆಯೇ ಇತ್ತು. ಅಕ್ಟೋಬರ್ ನಡುವಿನಲ್ಲಿ ಹೊಲದಲ್ಲಿ ಓಡಾಡಿದಾಗ ಇದು ಕಣ್ಣಿಗೆ ಬಿತ್ತು. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ, ಮನೆಯ ನಿತ್ಯದ ಕೆಲಸದಿಂದ ತಾನಾಗಿ ಆದದ್ದು. ಆದರೆ ಈ ಹೊಲಕ್ಕೆ ಬೇಕಿದ್ದ ಉತ್ತರ ಅಲ್ಲೇ ಇತ್ತು. ಒಣಹುಲ್ಲಿನ ಕೊಯ್ಲು ಯಾವಾಗ ಅನ್ನುವುದನ್ನು ಅದರ ಹಿಂದಿನ ಹಸಿ ಕೊಯ್ಲೇ ಗೊತ್ತು ಮಾಡುತ್ತದೆ. ಹಸಿ ಕೊಯ್ಲನ್ನು ಮುಂದಕ್ಕೆ ತಳ್ಳಿದರೆ ಹೂವೂ ಮುಂದಕ್ಕೆ ಹೋಗುತ್ತದೆ, ಹಸ್ತ ಚಿತ್ತ ದಾಟಿ ಸ್ವಾತಿಯ ಬಾಗಿಲಿಗೆ ಬರುತ್ತದೆ.

ದೀಪಾವಳಿಗೆ ಎರಡು ದಿನ ಮುಂಚೆ ಮೋಡ ಚದುರಿತು. ಒಣ ಚಳಿಗಾಳಿ ಬೀಸತೊಡಗಿತು. ಹುಲ್ಲು ಒಣಗಿಸಲು ಅದಕ್ಕಿಂತ ಒಳ್ಳೆ ಹವೆ ಬೇಕಿಲ್ಲ. ಆದರೆ ಆ ವರ್ಷ ಅಕ್ಟೋಬರ್ 24ಕ್ಕೆ ಹಬ್ಬ, 25ಕ್ಕೆ ಸಂಜೆ ಸೂರ್ಯಗ್ರಹಣ, 26ಕ್ಕೆ ಬಲಿಪಾಡ್ಯಮಿ. ಕೂಲಿಗೆ ಒಬ್ಬರೂ ಇಲ್ಲ. ಅಮಾವಾಸ್ಯೆ, ಗ್ರಹಣದಲ್ಲಿ ಕುಡುಗೋಲು ಹಿಡಿಯುವುದು ಯಜಮಾನರಿಗೆ ಒಪ್ಪಿಗೆ ಇಲ್ಲ. ಅವರ ನಂಬಿಕೆಯನ್ನು ಪಕ್ಕಕ್ಕೆ ತಳ್ಳಿ ಯೋಜನೆ ಹಾಕಿದ್ದರೆ ಕೆಲಸವೇ ನಡೆಯುತ್ತಿರಲಿಲ್ಲ. ಆ ದಿನಗಳನ್ನು ಒಣಗಿಸುವ ದಿನಗಳಾಗಿ ಇಟ್ಟುಕೊಂಡೆವು. "ಕೊಯ್ಯೋದು ಬ್ಯಾಡ, ತಿರುವಾಕೋಕೇನು?" ಅಂತ ಅಮ್ಮ ಕೇಳಿದಾಗ ಯಜಮಾನರು ಸುಮ್ಮನೆ ಒಪ್ಪಿದರು.

ದಾವಣಗೆರೆಯಲ್ಲಿ ಕೆಲಸ ಮಾಡುವ ಮಗ ಹಬ್ಬಕ್ಕೆ ಬಂದಿದ್ದ. ಅವನೂ ಅವನ ಚಿಕ್ಕಪ್ಪನ ಮಗನೂ ಬಾಡಿಗೆಗೆ ಬ್ರಷ್ ಕಟರ್, ಅಂದರೆ ಕೈಯಲ್ಲಿ ಹಿಡಿದು ಹುಲ್ಲು ಕೊಯ್ಯುವ ಯಂತ್ರ, ತಂದರು. ಹಬ್ಬದ ಹಿಂದಿನ ಎರಡು ದಿನ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಮೂರನೇ ತುಂಡಿನಲ್ಲಿ ಹೂವಾಡುತ್ತಿದ್ದ ಪಟ್ಟಿಗಳನ್ನು ಮಾತ್ರ ಕೊಯ್ದರು. ಒಂದು ದಿನಕ್ಕೆ ಎಷ್ಟು? ಮನೆಯವರೇ ಸಂಜೆಯೊಳಗೆ ತಿರುವಿ ಸಾಲು ಹಾಕಲು ಆಗುವಷ್ಟು. ಅದಕ್ಕಿಂತ ಒಂದು ಹೆಜ್ಜೆ ಜಾಸ್ತಿ ಇಲ್ಲ.

ಎತ್ತರದ ವಿಷಯದಲ್ಲಿ ಒಂದು ಸಣ್ಣ ಜಗಳವೇ ಆಯಿತು. ಹುಡುಗರು ಯಂತ್ರವನ್ನು ನೆಲಕ್ಕೆ ತಾಗಿಸಿ ಓಡಿಸುತ್ತಿದ್ದರು, ಮೇವು ಜಾಸ್ತಿ ಸಿಗಲಿ ಅಂತ. ಅಂಜನ್ ಹುಲ್ಲು ಮತ್ತೆ ಚಿಗುರುವುದು ಬುಡದ ಮೇಲಿನ ಕೂಳೆಯಿಂದ. 10ರಿಂದ 15 ಸೆಂಟಿಮೀಟರ್ ಬಿಡಬೇಕು. ಬೋಳು ಹೊಡೆದರೆ ಚಿಗುರು ಬಡವಾಗುತ್ತದೆ, ನೆಲ ಕಾಯುತ್ತದೆ, ಕಳೆ ನುಗ್ಗುತ್ತದೆ. ಮೊದಲ ನಾಲ್ಕು ಸಾಲು ಹಾಗೇ ಹೋದವು. ಮರುವರ್ಷ ಆ ಸಾಲುಗಳಲ್ಲಿ ಅಲ್ಲಲ್ಲಿ ಕೆಂಪು ನೆಲ ಕಾಣುತ್ತಿತ್ತು. ಹೊಲದ ಅಂಚಿನಲ್ಲಿದ್ದ, ತೆನೆಯಲ್ಲಿ ಮುಳ್ಳಿನಂಥ ಊಬು ಇರುವ ಹುಲ್ಲನ್ನು ಮಾತ್ರ ಎರಡು ವಾರ ಮುಂಚೆಯೇ, ಊಬು ಗಟ್ಟಿಯಾಗುವ ಮೊದಲು, ಹಸಿಯಾಗಿ ಕೊಯ್ದು ತೆಗೆದಿದ್ದರು. ಅದು ಒಣಮೇವಿನಲ್ಲಿ ಸೇರಿದರೆ ದನದ ಬಾಯಿಗೆ, ಕುರಿಯ ಚರ್ಮಕ್ಕೆ ಚುಚ್ಚುತ್ತದೆ.

ಸಂಜೆ ಇಬ್ಬನಿ ಇಳಿಯುವ ಮೊದಲು ಹುಲ್ಲನ್ನು ಸಾಲಾಗಿ ಎಳೆದು ಸಣ್ಣ ಗುಡ್ಡೆ ಮಾಡುತ್ತಿದ್ದರು. ಮೇಲ್ಮೈ ಮಾತ್ರ ತೊಯ್ಯುತ್ತಿತ್ತು. ಬೆಳಿಗ್ಗೆ ಹತ್ತರ ಮೇಲೆ ಮತ್ತೆ ಹರವುತ್ತಿದ್ದರು. ಸ್ಟೈಲೋ ಜಾಸ್ತಿ ಇದ್ದ ಕಡೆ ನಡುಮಧ್ಯಾಹ್ನ ತಿರುವಲಿಲ್ಲ, ಎಲೆ ಉದುರಿ ಕಡ್ಡಿ ಉಳಿಯುತ್ತದೆ. ಅದನ್ನು ಬೆಳಿಗ್ಗೆ ಸ್ವಲ್ಪ ಮೆತ್ತಗಿರುವಾಗಲೇ ಮುಟ್ಟಬೇಕು.

ಒಣಗಿದೆಯಾ ಅಂತ ನೋಡಲು ಮೂರು ಪರೀಕ್ಷೆ ಇಟ್ಟುಕೊಂಡೆವು. ಒಂದು ಹಿಡಿ ಹುಲ್ಲು ಹಗ್ಗದ ಹಾಗೆ ಹೊಸೆದರೆ ರಸ ಕಾಣಬಾರದು, ಕಡ್ಡಿ ಲಟಕ್ಕನೆ ಮುರಿಯಬೇಕು. ಉಗುರಿನಿಂದ ಗೆಣ್ಣು ಕೆರೆದರೆ ಹಸಿ ಸಿಪ್ಪೆ ಏಳಬಾರದು. ಮೂರನೆಯದು ಅಮ್ಮನ ಕೈಗೆ ಹೋಯಿತು. ಹುಲ್ಲನ್ನು ಸಣ್ಣಗೆ ಕತ್ತರಿಸಿ, ಒಣಗಿದ ಗಾಜಿನ ಬಾಟಲಿಗೆ ಹಾಕಿ, ಒಂದು ಚಮಚ ಒಣ ಉಪ್ಪಿನಪುಡಿ ಸೇರಿಸಿ ಚೆನ್ನಾಗಿ ಕುಲುಕುವುದು. ಉಪ್ಪು ಬಿಡಿಬಿಡಿಯಾಗಿ ಉಳಿದರೆ ತೇವ ನೂರಕ್ಕೆ 15ರ ಸುತ್ತ ಇದೆ, ಒಟ್ಟಬಹುದು. ಅಂಟಿ ಮುದ್ದೆಯಾದರೆ ಇನ್ನೂ ಬಿಸಿಲು ಬೇಕು. 25ನೇ ತಾರೀಖು ಬೆಳಿಗ್ಗೆ ಉಪ್ಪು ಉದುರಿತು. ಗ್ರಹಣ ಹಿಡಿಯುವ ಮೊದಲೇ, ಮಧ್ಯಾಹ್ನದ ಹೊತ್ತಿಗೆ, ಮೂರನೇ ತುಂಡಿನ ಹುಲ್ಲು ಒಟ್ಟಿ ಮುಗಿದಿತ್ತು.

ಪಾಡ್ಯಮಿಗೆ ದನಗಳ ಮೈ ತೊಳೆದು ಪೂಜೆ ಮಾಡಿ, ಮರುದಿನ ನಾಲ್ಕನೇ ತುಂಡಿಗೆ ಇಳಿದರು. ಹಬ್ಬ ಮುಗಿದಿದ್ದರಿಂದ ಮುಯ್ಯಾಳುಗಳೂ ಸಿಕ್ಕರು.

ಬಣವೆಯ ಜಾಗವನ್ನೂ ಬದಲಿಸಿದರು. ಕೊಟ್ಟಿಗೆಯಿಂದ ದೂರ, ಎತ್ತರದ ಕಡೆ. ಕೆಳಗೆ ಕಲ್ಲು, ಅದರ ಮೇಲೆ ಬಳ್ಳಾರಿ ಜಾಲಿ ಕೊಂಬೆ ಹಾಸಿ ಗಾಳಿಗೆ ದಾರಿ ಮಾಡಿದರು. ಒಂದೇ ದೊಡ್ಡ ಬಣವೆಯ ಬದಲು ಎರಡು ಒಟ್ಟಿದರು. ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತದ ಸುದ್ದಿ ಬಂದಾಗ ಟಾರ್ಪಾಲು ಹೊದಿಸಿದ್ದು ನೆತ್ತಿಗೆ ಮಾತ್ರ. ಅದೂ ಜೋಳದ ಸಪ್ಪೆಯ ಒಂದು ಪದರದ ಮೇಲೆ. ಪಕ್ಕಗಳನ್ನು ತೆರೆದೇ ಬಿಟ್ಟರು. ಮೊದಲ ಮೂರು ವಾರ ಹಾರೆ ಚುಚ್ಚಿ ನೋಡುವುದನ್ನು ಬಿಡಲಿಲ್ಲ. ಬಿಸಿ ಏರಲಿಲ್ಲ.

ಏನಾಯಿತು

ಕೆಲವು ಹೊರೆ ತೂಗಿ ಅಂದಾಜು ಮಾಡಿದರೆ ಎರಡು ತುಂಡಿನಿಂದ ಸುಮಾರು ಎರಡು ಟನ್ ಬಂದಿತ್ತು. ಬಣ್ಣ ಇನ್ನೂ ತಿಳಿ ಹಸಿರು. 2023ರ ಬೇಸಿಗೆಯಲ್ಲಿ ಒಂದು ಬಣವೆ ಮಾತ್ರ ಖರ್ಚಾಯಿತು. ಆ ವರ್ಷ ಊರಿನಲ್ಲಿ ಮೇವು ಧಾರಾಳ ಇತ್ತು, ಬೆಲೆ ಇರಲಿಲ್ಲ. ಎರಡನೇ ಬಣವೆ ಮಾರೋಣ ಅನ್ನುವ ಮಾತು ಬಂತು. ಯಜಮಾನರು ಬೇಡ ಅಂದರು. ಚೆನ್ನಾಗಿ ಒಣಗಿದ ಹುಲ್ಲು, ಮಳೆ ತಾಗದಿದ್ದರೆ, ವರ್ಷ ದಾಟಿದರೂ ಕೆಡುವುದಿಲ್ಲ. ಎ ಜೀವಸತ್ವ ಮಾತ್ರ ಹೋಗುತ್ತದೆ, ಅದನ್ನು ಒಂದು ಹಿಡಿ ಹಸಿಮೇವಿನಿಂದ ತುಂಬಬಹುದು.

2023ರಲ್ಲಿ ಮುಂಗಾರು ಕೈಕೊಟ್ಟಿತು. ಆಗಸ್ಟ್ ಪೂರ್ತಿ ಒಣಗಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಇವರ ಹೊಲದಲ್ಲಿ ಹುಲ್ಲು ಮೊಣಕಾಲೂ ದಾಟಲಿಲ್ಲ. ಆಗ ಮತ್ತೊಂದು ಕಷ್ಟದ ತೀರ್ಮಾನ ಬಂತು. ಇದ್ದ ಗಿಡ್ಡ ಹುಲ್ಲನ್ನು ಎರಡನೇ ಸಲ ಕೊಯ್ಯುವುದಾ ಬೇಡವಾ? ಕೊಯ್ಯಲಿಲ್ಲ. ಬರದಲ್ಲಿ ಬೇರು ಉಳಿಯಲಿ ಅಂತ ಬಿಟ್ಟರು, ಕುರಿಮಂದೆಯವರು ಕೇಳಿದರೂ ಒಪ್ಪಲಿಲ್ಲ. ಹಳೆ ಬಣವೆ, ಶೇಂಗಾ ಬಳ್ಳಿ ಮತ್ತು ಸ್ವಲ್ಪ ಕೊಂಡ ಭತ್ತದ ಹುಲ್ಲಿನಲ್ಲಿ 2024ರ ಬೇಸಿಗೆ ದಾಟಿದರು. ಒಂದು ದನವನ್ನೂ ಮಾರಲಿಲ್ಲ. ಮಳೆ ಬಂದಾಗ ಹೊಲ ಎದ್ದು ನಿಂತಿತು, ಬೋಳು ಹೊಡೆದ ಆ ನಾಲ್ಕು ಸಾಲು ಬಿಟ್ಟು.

ಬದಲಾದದ್ದು, ಉಳಿದದ್ದು

ಈಗ ನಾಲ್ಕೂ ತುಂಡಿಗೆ ಹಸಿ ಕೊಯ್ಲಿನ ದಿನಗಳನ್ನು ಹಿಂದಿನಿಂದ ಎಣಿಸುತ್ತಾರೆ. ದೀಪಾವಳಿ ಸುತ್ತ ಹೂವು ಬೇಕಾದರೆ ಸೆಪ್ಟೆಂಬರ್ ಮೊದಲ ಎರಡು ವಾರದಲ್ಲಿ ಕೊನೆಯ ಹಸಿ ಕೊಯ್ಲು, ಪಟ್ಟಿ ಪಟ್ಟಿಯಾಗಿ, ನಡುವೆ ನಾಲ್ಕೈದು ದಿನ ಬಿಟ್ಟು. ಹಿಂಗಾರು ಬೇಗ ನಿಲ್ಲುವ ಸೂಚನೆ ಇದ್ದರೆ ಒಂದು ವಾರ ಹಿಂದಕ್ಕೆ ತರುತ್ತಾರೆ, ಇಲ್ಲದಿದ್ದರೆ ಚಿಗುರಿಗೆ ತೇವ ಸಾಲದು. ಈ ಲೆಕ್ಕ ನಮ್ಮ ಕೆಂಪು ಮಣ್ಣಿಗೆ, ಈ ಮಳೆಗೆ ಹೊಂದುತ್ತದೆ. ಹೊಳಲ್ಕೆರೆ, ಚನ್ನಗಿರಿ ಕಡೆ ಮಳೆ ಜಾಸ್ತಿ, ಅಲ್ಲಿ ಇದೇ ದಿನಗಳನ್ನು ಹಿಡಿದರೆ ಆಗುವುದಿಲ್ಲ. ಅಲ್ಲಿಯವರು ತಮ್ಮ ಹೊಲದಲ್ಲಿ ಕೊಯ್ಲಿನಿಂದ ಹೂವಿನವರೆಗೆ ಎಷ್ಟು ದಿನ ಅಂತ ಒಂದು ಹಂಗಾಮು ಬರೆದಿಟ್ಟುಕೊಳ್ಳಬೇಕು.

ಏನೇ ಮಾಡಿದರೂ ಒಂದು ತುಂಡು ಹಸ್ತದಲ್ಲಿ ಹೂವಿಗೆ ಬಂದೇ ಬರುತ್ತದೆ. ಅದನ್ನು ಒಣಗಿಸುವ ಹಠ ಬಿಟ್ಟಿದ್ದಾರೆ. ಅರ್ಧ ದಿನ ಬಾಡಿಸಿ, ಸಣ್ಣಗೆ ಕತ್ತರಿಸಿ, ನೂರು ಕೆಜಿಗೆ ಒಂದೆರಡು ಕೆಜಿ ಬೆಲ್ಲದ ನೀರು ಚಿಮುಕಿಸಿ, ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಗಾಳಿ ಆಡದಂತೆ ತುಳಿದು ರಸಮೇವು ಮಾಡುತ್ತಾರೆ. ಆರೇಳು ವಾರ ಬಿಟ್ಟು ತೆರೆದಾಗ ಹುಳಿ ವಾಸನೆ ಬಂದರೆ ಸರಿಯಾಗಿದೆ ಅಂತ. ಎಮ್ಮೆ ಮೊದಲು ಮೂಸಿ ಬಿಟ್ಟಿತ್ತು, ಈಗ ಡ್ರಮ್ಮಿನ ಸದ್ದಿಗೇ ಕತ್ತೆತ್ತುತ್ತದೆ.

ಕೂಲಿಯ ಸಮಸ್ಯೆ ಪೂರ್ತಿ ಬಗೆಹರಿದಿಲ್ಲ. ಮೂರು ಮನೆಯವರು ಸೇರಿ ಒಂದು ಬ್ರಷ್ ಕಟರ್ ಕೊಂಡಿದ್ದಾರೆ. ಆದರೆ ಬಿಸಿಲು ಬಿದ್ದ ದಿನ ಮೂವರಿಗೂ ಒಟ್ಟಿಗೇ ಬೇಕಾಗುತ್ತದೆ. ಈ ವರ್ಷದಿಂದ ಯಾರ ತುಂಡು ಮೊದಲು ಹೂವಿಗೆ ಬರುತ್ತದೋ ಅವರಿಗೆ ಯಂತ್ರ ಮೊದಲು ಅಂತ ಮಾತಾಡಿಕೊಂಡಿದ್ದಾರೆ. ಅದಕ್ಕಾಗಿ ಮೂರು ಹೊಲದ ಹಸಿ ಕೊಯ್ಲಿನ ದಿನಗಳನ್ನೂ ಅಮ್ಮನೇ ಒಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಾರೆ.